2,600 ಕಿ.ಮೀ. ದೂರಕ್ಕೆ 21,000 ಕಿ.ಮೀ. ಪ್ರಯಾಣ: ವಿಮಾನದ ದೂರ ಮತ್ತು ಸಮಯದ ಲೆಕ್ಕ ನಿಜಕ್ಕೂ ಹೇಗೆ?

ಮೊಬೈಲಿನಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿ ನೋಡಿ. ಕ್ಷಣದಲ್ಲಿ ಉತ್ತರ ಬರುತ್ತದೆ: "ದೂರ ಇಷ್ಟು ಕಿ.ಮೀ., ಹಾರಾಟದ ಸಮಯ ಇಷ್ಟು ಗಂಟೆ". ಇಂಥ ಉತ್ತರಗಳ ಸ್ಕ್ರೀನ್‌ಶಾಟ್‌ಗಳು ಫಾರ್ವರ್ಡ್‌ಗಳಲ್ಲಿ ಓಡಾಡುತ್ತವೆ. "ಹೋಗಲು ಮೂರೂವರೆ ಗಂಟೆ, ಬರಲು ಆರೂಮುಕ್ಕಾಲು ಗಂಟೆ, ಇದು ಹೇಗೆ ಸಾಧ್ಯ?" ಎಂದು ಒಂದು ಕೇಳುತ್ತದೆ. "ಭೂಮಿ ತಿರುಗುತ್ತಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಿತ್ತಲ್ಲ?" ಎನ್ನುತ್ತದೆ ಇನ್ನೊಂದು. ಮತ್ತೊಂದು ಇನ್ನೂ ಮುಂದೆ ಹೋಗಿ, "ಭೂಮಿ ಚಪ್ಪಟೆಯಾಗಿದೆ ಎನ್ನುವುದಕ್ಕೆ ಇದೇ ಸಾಕ್ಷಿ" ಎಂದುಬಿಡುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೆಹಲಿ, ಮುಂಬೈನಂಥ ಊರುಗಳಿಗಿಂತ ಪೆಸಿಫಿಕ್ ಸಾಗರದ ಮಧ್ಯದ ಎರಡು ಒಂಟಿ ವಿಮಾನ ನಿಲ್ದಾಣಗಳು ಹೆಚ್ಚು ಅನುಕೂಲ. ಅಲ್ಲಿ ಸುತ್ತಮುತ್ತ ಬೇರೆ ಊರಿಲ್ಲ, ಬೇರೆ ದಾರಿಯಿಲ್ಲ. ಹಾಗಾಗಿ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ:

- ಆ್ಯಪ್ ತೋರಿಸುವ ದೂರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದು ಗೋಳದ ಮೇಲಿನ ಅತಿ ಹತ್ತಿರದ ದಾರಿಯ ಅಳತೆ.
- ಆ್ಯಪ್ ತೋರಿಸುವ ಸಮಯ ಕೇವಲ ಅಂದಾಜು. ಆ ಎರಡು ಊರುಗಳ ನಡುವೆ ವಿಮಾನವೇ ಇಲ್ಲದಿದ್ದರೂ ಅದು ಸಮಯ ತೋರಿಸುತ್ತದೆ.
- ಹೋಗುವ ಮತ್ತು ಬರುವ ಸಮಯದಲ್ಲಿ ವ್ಯತ್ಯಾಸ ಬರುವುದು ಗಾಳಿಯಿಂದ. ಇನ್ನುಳಿದ 'ಪವಾಡ' ಗಡಿಯಾರದ ವ್ಯತ್ಯಾಸದಿಂದ.
- ಈ ಭಾಗದ ವಿಮಾನಗಳ ವೇಳಾಪಟ್ಟಿ ಭೂಮಿ ದುಂಡಗಿದೆ ಎಂಬುದನ್ನೇ ತೋರಿಸುತ್ತದೆ.

ಯಾವುವು ಈ ಎರಡು ನಿಲ್ದಾಣಗಳು?

ಮೊದಲನೆಯದು ಮಾತಾವೇರಿ. ಇದು ಈಸ್ಟರ್ ದ್ವೀಪದ ವಿಮಾನ ನಿಲ್ದಾಣ. ದೊಡ್ಡ ದೊಡ್ಡ ಕಲ್ಲಿನ ಮುಖದ ಮೂರ್ತಿಗಳ ಫೋಟೊಗಳನ್ನು ನೀವು ನೋಡಿರುತ್ತೀರಿ. ಅವು ಇರುವುದು ಇಲ್ಲೇ. ಸ್ಥಳೀಯರು ತಮ್ಮ ದ್ವೀಪವನ್ನು ರಾಪಾ ನುಯಿ ಎನ್ನುತ್ತಾರೆ. ಇದು ಚಿಲಿ ದೇಶಕ್ಕೆ ಸೇರಿದೆ. ಜನಸಂಖ್ಯೆ ಸುಮಾರು 8,000. ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ಇಲ್ಲಿಂದ ಸುಮಾರು 3,750 ಕಿ.ಮೀ. ದೂರ.

ಎರಡನೆಯದು ತೊತೆಗೆಗಿ. ಇದು ಫ್ರಾನ್ಸಿಗೆ ಸೇರಿದ ಫ್ರೆಂಚ್ ಪಾಲಿನೇಷ್ಯಾದ ಗಾಂಬಿಯೆ ದ್ವೀಪಗಳಲ್ಲಿದೆ. ಇಡೀ ದ್ವೀಪಸಮೂಹದ ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಇಲ್ಲಿನ ರನ್‌ವೇ ಇರುವುದು ಹವಳದ ದಿಬ್ಬದ ಮೇಲಿನ ಕಿರಿದಾದ ನೆಲಪಟ್ಟಿಯಲ್ಲಿ. ವಿಮಾನ ಇಳಿದವರು ದೋಣಿ ಹತ್ತಿ ಮುಖ್ಯ ದ್ವೀಪವಾದ ಮಂಗರೇವಾಕ್ಕೆ ಹೋಗಬೇಕು.

ಈ ಎರಡರ ನಡುವಿನ ದೂರ ಸುಮಾರು 2,600 ಕಿ.ಮೀ. ಮಾತಾವೇರಿಗೆ ಅತಿ ಹತ್ತಿರದ ವಿಮಾನ ನಿಲ್ದಾಣ ಇದೇ! ಜಗತ್ತಿನ ಅತ್ಯಂತ ಒಂಟಿ ವಿಮಾನ ನಿಲ್ದಾಣಗಳ ಮಾತು ಬಂದಾಗಲೆಲ್ಲ ಮಾತಾವೇರಿಯ ಹೆಸರು ಮುಂದೆ ಬರುವುದಕ್ಕೆ ಕಾರಣ ಇದು. ಹೋಲಿಕೆಗೆ ಹೇಳುವುದಾದರೆ, ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಅದರ ಒಂದೂವರೆ ಪಟ್ಟು ದೂರದವರೆಗೆ ಯಾವ ದಿಕ್ಕಿಗೆ ಹೋದರೂ ಇಳಿಯಲು ಇನ್ನೊಂದು ರನ್‌ವೇ ಸಿಗುವುದಿಲ್ಲ ಎಂದರೆ ಹೇಗಿರಬಹುದು, ಊಹಿಸಿಕೊಳ್ಳಿ.

ಆ್ಯಪ್ ಏನು ಹೇಳುತ್ತದೆ, ನಿಜ ಏನು?

ಮಾತಾವೇರಿಯಿಂದ ತೊತೆಗೆಗಿಗೆ ಎಷ್ಟು ಹೊತ್ತು ಎಂದು ದೂರ ಲೆಕ್ಕ ಹಾಕುವ ಸೈಟ್‌ನಲ್ಲಿ ಕೇಳಿದರೆ ಹೆಚ್ಚು ಕಡಿಮೆ ಮೂರೂವರೆ ಗಂಟೆ ಎಂಬ ಉತ್ತರ ಬರುತ್ತದೆ. ಈ ಉತ್ತರ ಎಲ್ಲಿಂದ ಬಂತು? ಇಂಥ ಸೈಟ್‌ಗಳ ಲೆಕ್ಕ ಬಹಳ ಸರಳ. ದೂರವನ್ನು ಗಂಟೆಗೆ 800ರಿಂದ 900 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತವೆ. 2,600 ಭಾಗಿಸು 850 ಎಂದರೆ 3 ಗಂಟೆ 4 ನಿಮಿಷ. ಅದಕ್ಕೆ 30 ನಿಮಿಷ ಸೇರಿದರೆ 3 ಗಂಟೆ 34 ನಿಮಿಷ. ಅಷ್ಟೇ.

ಆದರೆ ಈ ಎರಡು ನಿಲ್ದಾಣಗಳ ನಡುವೆ ನಿಯಮಿತ ಪ್ರಯಾಣಿಕರ ವಿಮಾನವೇ ಇಲ್ಲ. ಬೇರೆ ಬೇರೆ ದೇಶಗಳ ಆಡಳಿತ, ಎರಡೂ ಕಡೆ ಕಡಿಮೆ ಜನ, ಟಿಕೆಟ್ ಕೊಳ್ಳುವವರು ಇಲ್ಲ. ಹಾಗಾದರೆ ನಿಜವಾಗಿ ಹೋಗಬೇಕಾದವರು ಏನು ಮಾಡಬೇಕು?

ಒಂದು ದಾರಿ ಹೀಗಿದೆ. ತೊತೆಗೆಗಿಯಿಂದ ತಾಹಿತಿಯ ಪಪೀಟೆಗೆ ಸುಮಾರು 1,650 ಕಿ.ಮೀ. ಅಲ್ಲಿಂದ ಅಮೆರಿಕದ ಲಾಸ್ ಏಂಜಲೀಸ್‌ಗೆ ಸುಮಾರು 6,600 ಕಿ.ಮೀ. ಅಲ್ಲಿಂದ ಸ್ಯಾಂಟಿಯಾಗೊಗೆ ಸುಮಾರು 9,000 ಕಿ.ಮೀ. ಕೊನೆಗೆ ಸ್ಯಾಂಟಿಯಾಗೊದಿಂದ ಮಾತಾವೇರಿಗೆ 3,750 ಕಿ.ಮೀ. ಒಟ್ಟು 21,000 ಕಿ.ಮೀ.! ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಅಂದರೆ ಪಕ್ಕದ ವಿಮಾನ ನಿಲ್ದಾಣಕ್ಕೆ ಹೋಗಲು ಅರ್ಧ ಭೂಮಿ ಸುತ್ತಿದಷ್ಟು ಪ್ರಯಾಣ. ಆಕಾಶದಲ್ಲಿ ಕಳೆಯುವ ಹೊತ್ತೇ 28 ಗಂಟೆಯಷ್ಟಾಗುತ್ತದೆ. ನಡುವೆ ಕಾಯುವ ಸಮಯ ಬೇರೆ. 2020ಕ್ಕೆ ಮುಂಚೆ ಈಸ್ಟರ್ ದ್ವೀಪದಿಂದ ಪಪೀಟೆಗೆ ವಾರಕ್ಕೊಂದು ನೇರ ವಿಮಾನ ಇತ್ತು. ಆ ದೂರ ಸುಮಾರು 4,250 ಕಿ.ಮೀ. ಅಂಥ ಒಂದೇ ಒಂದು ವಿಮಾನ ಇದ್ದಾಗ 21,000 ಇದ್ದದ್ದು 5,900 ಕಿ.ಮೀ.ಗೆ ಇಳಿಯುತ್ತದೆ.

ಹಾಗಾಗಿ ಮೊದಲ ಪಾಠ ಇದು: ದೂರ ಎನ್ನುವುದು ಭೂಗೋಳದ ವಿಷಯ, ಪ್ರಯಾಣ ಎನ್ನುವುದು ವೇಳಾಪಟ್ಟಿಯ ವಿಷಯ. ಒಂದನ್ನು ನೋಡಿ ಇನ್ನೊಂದನ್ನು ಹೇಳಲು ಬರುವುದಿಲ್ಲ.

ವಿಮಾನ ಯಾವುದು ಎಂಬುದೂ ಮುಖ್ಯ

ಪಪೀಟೆಯಿಂದ ತೊತೆಗೆಗಿಗೆ 1,650 ಕಿ.ಮೀ. ಮೇಲಿನ ಸೂತ್ರ ಹಾಕಿದರೆ ಎರಡೂವರೆ ಗಂಟೆಯೂ ಆಗುವುದಿಲ್ಲ. ಆದರೆ ನಿಜವಾದ ಪ್ರಯಾಣಕ್ಕೆ ನಾಲ್ಕು ಗಂಟೆಯ ಹತ್ತಿರ ಬೇಕು. ಕಾರಣ, ಅಲ್ಲಿ ಹಾರುವುದು ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ. ನಮ್ಮಲ್ಲಿ ಹುಬ್ಬಳ್ಳಿ, ಮೈಸೂರಿನಂಥ ನಿಲ್ದಾಣಗಳಲ್ಲಿ ನೋಡಿರಬಹುದಾದ, ರೆಕ್ಕೆಯ ಮೇಲೆ ಎರಡು ಫ್ಯಾನ್ ತಿರುಗುವ ವಿಮಾನ ಅದು. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ದೂರದ ಸೈಟ್‌ಗಳಿಗೆ ಇದು ಗೊತ್ತಿಲ್ಲ. ಎಲ್ಲ ದಾರಿಯಲ್ಲೂ ಜೆಟ್ ವಿಮಾನವೇ ಹಾರುತ್ತದೆ ಎಂದು ಅವು ಲೆಕ್ಕ ಹಾಕುತ್ತವೆ.

ಎಟಿಆರ್‌ನಲ್ಲೇ ಮುಂದುವರಿದು ಈಸ್ಟರ್ ದ್ವೀಪಕ್ಕೆ ಹೋಗಬಹುದಲ್ಲ ಎಂದು ಕೇಳಬಹುದು. ಜನರನ್ನು ತುಂಬಿಕೊಂಡು, ಸಮುದ್ರದ ಮೇಲೆ 2,600 ಕಿ.ಮೀ. ಹಾರಿ, ತುರ್ತಿಗೆಂದು ಮೀಸಲು ಇಂಧನವನ್ನೂ ಉಳಿಸಿಕೊಳ್ಳುವುದು ಆ ವಿಮಾನದ ಕೈಲಾಗದ ಕೆಲಸ.

ದೂರವನ್ನು ಅಳೆಯುವುದು ಹೇಗೆ?

ಮನೆಯಲ್ಲಿ ಒಂದು ಗ್ಲೋಬ್ ಇದ್ದರೆ ದಾರ ಹಿಡಿದು ನೋಡಿ. ಎರಡು ಊರುಗಳ ಮೇಲೆ ದಾರದ ಎರಡು ತುದಿ ಇಟ್ಟು ಬಿಗಿಯಾಗಿ ಎಳೆದಾಗ ದಾರ ಯಾವ ದಾರಿಯಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ. ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿಸಿಕೊಂಡ ದೊಡ್ಡ ವೃತ್ತದ ಒಂದು ತುಂಡು ಅದು.

ಲೆಕ್ಕವೂ ಕಷ್ಟವಲ್ಲ. ಭೂಮಿಯ ಕೇಂದ್ರದಿಂದ ಎರಡು ಊರುಗಳಿಗೂ ಒಂದೊಂದು ಗೆರೆ ಎಳೆದರೆ ಅವುಗಳ ನಡುವೆ ಒಂದು ಕೋನ ಸಿಗುತ್ತದೆ. ಆ ಕೋನದ ಪ್ರತಿ ಒಂದು ಡಿಗ್ರಿಗೆ ನೆಲದ ಮೇಲೆ ಸುಮಾರು 111.2 ಕಿ.ಮೀ. ಸ್ಯಾಂಟಿಯಾಗೊ ಮತ್ತು ಮಾತಾವೇರಿಯ ಅಕ್ಷಾಂಶ, ರೇಖಾಂಶಗಳನ್ನು ಸೂತ್ರಕ್ಕೆ ಹಾಕಿದರೆ ಕೋನ 33.75 ಡಿಗ್ರಿ ಬರುತ್ತದೆ. ಅದನ್ನು 111.2ರಿಂದ ಗುಣಿಸಿದರೆ 3,753 ಕಿ.ಮೀ.

ವಿಮಾನ ಮತ್ತು ಹಡಗಿನವರು ಕಿಲೋಮೀಟರ್ ಬಿಟ್ಟು ನಾಟಿಕಲ್ ಮೈಲಿ ಬಳಸುವುದೂ ಇದೇ ಕಾರಣಕ್ಕೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಸಿಗುವ ಒಂದು ಭಾಗಕ್ಕೆ ಸರಿಹೊಂದುವ ನೆಲದ ದೂರವೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಹಾಗಾಗಿ 33.75 ಡಿಗ್ರಿ ಎಂದರೆ 2,025 ನಾಟಿಕಲ್ ಮೈಲಿ. ಕೋನ ಗೊತ್ತಾದರೆ ದೂರ ತಾನಾಗಿಯೇ ಗೊತ್ತಾಗುತ್ತದೆ.

ಒಂದು ಸೈಟ್ 3,750 ಎಂದರೆ ಇನ್ನೊಂದು 3,760 ಎನ್ನಬಹುದು. ಭೂಮಿ ಧ್ರುವಗಳ ಕಡೆ ಸ್ವಲ್ಪ ಅದುಮಿದಂತಿದೆ. ಕೆಲವು ಸೈಟ್‌ಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ. ವ್ಯತ್ಯಾಸ ಶೇಕಡ ಅರ್ಧದಷ್ಟೂ ಇರುವುದಿಲ್ಲ. ಇದರಲ್ಲಿ ಯಾವ ರಹಸ್ಯವೂ ಇಲ್ಲ.

ಇನ್ನೊಂದು ಮಾತು. ಈ ದೂರ ಒಂದು ಕನಿಷ್ಠ ಮಿತಿ. ನಿಜವಾದ ವಿಮಾನ ಹವಾಮಾನ, ಗಾಳಿ, ನಿಗದಿತ ವಾಯುಮಾರ್ಗ ನೋಡಿಕೊಂಡು ಸ್ವಲ್ಪ ಸುತ್ತಿ ಹೋಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮಹಾವೃತ್ತದ ದೂರ ಸುಮಾರು 14,000 ಕಿ.ಮೀ. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ, ಹಾರಿದ ದೂರ ಸುಮಾರು 16,000 ಕಿ.ಮೀ. ಎಂದು ಪತ್ರಿಕೆಗಳು ಬರೆದಿದ್ದವು.

ಹೋಗಲು ಐದೂವರೆ ಗಂಟೆ, ಬರಲು ನಾಲ್ಕೂಮುಕ್ಕಾಲು: ಏಕೆ?

ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ ವಿಮಾನ ಸುಮಾರು 5 ಗಂಟೆ 30 ನಿಮಿಷ ತೆಗೆದುಕೊಳ್ಳುತ್ತದೆ. ವಾಪಸ್ ಬರಲು ಸುಮಾರು 4 ಗಂಟೆ 40 ನಿಮಿಷ ಸಾಕು. ಅದೇ ದಾರಿ, ಅದೇ ವಿಮಾನ. ದೂರದ ಸೈಟ್ ಎರಡೂ ಕಡೆಗೆ ಒಂದೇ ಸಮಯ ಹೇಳುತ್ತದೆ: 4 ಗಂಟೆ 55 ನಿಮಿಷದ ಆಸುಪಾಸು. ಅಂದರೆ ಹೋಗುವಾಗಲೂ ತಪ್ಪು, ಬರುವಾಗಲೂ ತಪ್ಪು!

ಇಲ್ಲಿ ಕೆಲಸ ಮಾಡುವುದು ಗಾಳಿ. ಭೂಮಿಯ ಈ ಭಾಗದಲ್ಲಿ, ವಿಮಾನಗಳು ಹಾರುವ 10ರಿಂದ 12 ಕಿ.ಮೀ. ಎತ್ತರದಲ್ಲಿ, ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದರಲ್ಲಿ ಅತಿ ವೇಗದ ಪಟ್ಟಿಯನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ದ್ವೀಪ ಇರುವುದು ಸ್ಯಾಂಟಿಯಾಗೊದ ಪಶ್ಚಿಮಕ್ಕೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ತುಂಗಭದ್ರೆಯಲ್ಲಿ ಹರಿವಿಗೆ ಎದುರಾಗಿ ಹರಿಗೋಲು ನಡೆಸುವುದಕ್ಕೂ ಹರಿವಿನ ಜೊತೆ ಹೋಗುವುದಕ್ಕೂ ಇರುವ ವ್ಯತ್ಯಾಸವೇ ಇದು.

ಆ ಗಾಳಿ ಎಷ್ಟು ವೇಗದ್ದು ಎಂದು ನಾವೇ ಅಂದಾಜು ಮಾಡಬಹುದು. ಎರಡೂ ಸಮಯಗಳಿಂದ ಅರ್ಧ ಗಂಟೆ ತೆಗೆಯಿರಿ. ಹೋಗುವಾಗ 5 ಗಂಟೆಯಲ್ಲಿ 3,750 ಕಿ.ಮೀ., ಅಂದರೆ ಗಂಟೆಗೆ 750. ಬರುವಾಗ 4 ಗಂಟೆ 10 ನಿಮಿಷದಲ್ಲಿ 3,750 ಕಿ.ಮೀ., ಅಂದರೆ ಗಂಟೆಗೆ 900. ಎರಡರ ಸರಾಸರಿ 825. ಹಾಗಾಗಿ ಗಾಳಿ ಕೂಡಿಸಿದ್ದು, ಕಳೆದದ್ದು ಗಂಟೆಗೆ ಸುಮಾರು 75 ಕಿ.ಮೀ. ದಿನದಿಂದ ದಿನಕ್ಕೆ ಇದು ಬದಲಾಗುತ್ತದೆ, ಚಳಿಗಾಲದಲ್ಲಿ ಸಾಮಾನ್ಯವಾಗಿ ಹೆಚ್ಚು.

"ಹೋಗುವಾಗ ಕಳೆದುಕೊಂಡಿದ್ದು ಬರುವಾಗ ಸಿಗುತ್ತದೆ, ಒಟ್ಟು ಒಂದೇ" ಎಂದು ಅನ್ನಿಸಬಹುದು. ಪೂರ್ತಿ ಹಾಗಲ್ಲ. 3,600 ಕಿ.ಮೀ. ದಾರಿ, 800 ಕಿ.ಮೀ. ವೇಗ ಎಂದುಕೊಳ್ಳಿ. ಗಾಳಿ ಇಲ್ಲದಿದ್ದರೆ ಹೋಗಿ ಬರಲು 9 ಗಂಟೆ. ಗಾಳಿ 100 ಕಿ.ಮೀ. ಇದ್ದರೆ ಹೋಗಲು 5 ಗಂಟೆ 9 ನಿಮಿಷ, ಬರಲು 4 ಗಂಟೆ. ಒಟ್ಟು 9 ಗಂಟೆ 9 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ತುಸು ಹೆಚ್ಚು.

ಗಾಳಿಯನ್ನು ಬುದ್ಧಿವಂತಿಕೆಯಿಂದ ಬಳಸಿದರೆ ದೂರದ ದಾರಿಯೇ ಬೇಗ ತಲುಪಿಸಬಹುದು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲಿಂದ ಕಳಿಸಿತು. ದೂರ ಸುಮಾರು 15,300 ಕಿ.ಮೀ., ಹಳೆಯ ದಾರಿಗಿಂತ ಸಾವಿರಕ್ಕೂ ಹೆಚ್ಚು ಕಿ.ಮೀ. ಜಾಸ್ತಿ. ಆದರೂ ಬೆನ್ನುಗಾಳಿಯಿಂದಾಗಿ ಸುಮಾರು 14 ಗಂಟೆ 30 ನಿಮಿಷದಲ್ಲೇ ತಲುಪಿತು.

"ಭೂಮಿ ತಿರುಗುವುದರಿಂದ ಪಶ್ಚಿಮಕ್ಕೆ ಬೇಗ ತಲುಪಬೇಕು" ಎಂಬ ವಾದ

ಈ ಫಾರ್ವರ್ಡ್ ನೋಡಲು ತರ್ಕಬದ್ಧವಾಗಿಯೇ ಇದೆ. ಈಸ್ಟರ್ ದ್ವೀಪದ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ಗಂಟೆಗೆ ಸುಮಾರು 1,485 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಹಾಗಿದ್ದರೆ ಸ್ಯಾಂಟಿಯಾಗೊದಲ್ಲಿ ವಿಮಾನ ಮೇಲೇರಿ ಸುಮ್ಮನೆ ನಿಂತರೆ ಸಾಕು, ದ್ವೀಪ ತಾನಾಗಿಯೇ ಕೆಳಗೆ ಬರಬೇಕಲ್ಲ?

ಬರುವುದಿಲ್ಲ. ಏಕೆಂದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ನೆಲದಲ್ಲಿ ನಿಂತ ವಿಮಾನವೂ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಮೈಸೂರು ರೈಲಿನಲ್ಲಿ ಕೂತು ಒಂದು ಕಿತ್ತಳೆ ಹಣ್ಣನ್ನು ಮೇಲಕ್ಕೆ ಎಸೆಯಿರಿ. ಅದು ಹಿಂದಿನ ಸೀಟಿನವರ ತಲೆಗೆ ಬೀಳುವುದಿಲ್ಲ, ನಿಮ್ಮ ಕೈಗೇ ಬರುತ್ತದೆ. ರೈಲಿನ ವೇಗ ಹಣ್ಣಿಗೂ ಇದೆ, ಬೋಗಿಯ ಒಳಗಿನ ಗಾಳಿಗೂ ಇದೆ.

ಗಾಳಿ ಭೂಮಿಯ ಜೊತೆ ತಿರುಗದೆ ಹಿಂದೆ ಉಳಿಯುತ್ತಿದ್ದರೆ ದ್ವೀಪದ ಮೇಲೆ ದಿನವಿಡೀ ಗಂಟೆಗೆ 1,485 ಕಿ.ಮೀ. ವೇಗದ ಬಿರುಗಾಳಿ ಬೀಸಬೇಕಿತ್ತು. ಅಲ್ಲಿ ಮೂರ್ತಿಗಳೂ ಉಳಿಯುತ್ತಿರಲಿಲ್ಲ, ಮನೆಗಳೂ ಉಳಿಯುತ್ತಿರಲಿಲ್ಲ. ವೇಳಾಪಟ್ಟಿ ಹೇಳುವುದಂತೂ ಫಾರ್ವರ್ಡ್‌ಗೆ ತದ್ವಿರುದ್ಧ: ಪಶ್ಚಿಮಕ್ಕೆ ಹೋಗುವಾಗಲೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಭೂಮಿಯ ತಿರುಗುವಿಕೆಗೆ ಇಲ್ಲಿ ಪಾತ್ರ ಇಲ್ಲವೇ ಇಲ್ಲ ಎಂದೇನಲ್ಲ. ಸೂರ್ಯನ ಬಿಸಿಲಿನಿಂದ ಸಮಭಾಜಕದ ಗಾಳಿ ಬಿಸಿಯಾಗಿ ಧ್ರುವಗಳ ಕಡೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ಪೂರ್ವಕ್ಕೆ ವಾಲುತ್ತದೆ. ಪಶ್ಚಿಮದ ಗಾಳಿ ಹುಟ್ಟುವುದು ಹೀಗೆ. ಅಂದರೆ ತಿರುಗುವಿಕೆ ವಿಮಾನವನ್ನು ತಟ್ಟುವುದು ಗಾಳಿಯ ಮೂಲಕ.

ಮೂರೂವರೆ ಮತ್ತು ಆರೂಮುಕ್ಕಾಲು ಗಂಟೆಯ ಒಗಟು

ಈಸ್ಟರ್ ದ್ವೀಪದ ಗಡಿಯಾರ ಸ್ಯಾಂಟಿಯಾಗೊಗಿಂತ ಎರಡು ಗಂಟೆ ಹಿಂದೆ. ಬೆಳಿಗ್ಗೆ 9ಕ್ಕೆ ಸ್ಯಾಂಟಿಯಾಗೊ ಬಿಟ್ಟ ವಿಮಾನ ಐದೂವರೆ ಗಂಟೆ ಹಾರಿ ದ್ವೀಪಕ್ಕೆ ಬಂದಾಗ ಸ್ಯಾಂಟಿಯಾಗೊದಲ್ಲಿ ಮಧ್ಯಾಹ್ನ 2.30, ದ್ವೀಪದಲ್ಲಿ 12.30. ಟಿಕೆಟ್‌ನಲ್ಲಿ ಕಾಣುವುದು 9.00–12.30. ನೋಡಿದವರಿಗೆ ಮೂರೂವರೆ ಗಂಟೆ ಅನ್ನಿಸುತ್ತದೆ. ಮಧ್ಯಾಹ್ನ 2ಕ್ಕೆ ದ್ವೀಪ ಬಿಟ್ಟರೆ 4 ಗಂಟೆ 40 ನಿಮಿಷ ಹಾರಿ ಸ್ಯಾಂಟಿಯಾಗೊ ಸಮಯ ರಾತ್ರಿ 8.40ಕ್ಕೆ ತಲುಪುತ್ತದೆ. ಟಿಕೆಟ್‌ನಲ್ಲಿ 2.00–8.40. ಆರೂಮುಕ್ಕಾಲು ಗಂಟೆಯಂತೆ ಕಾಣುತ್ತದೆ.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಇದನ್ನು ಮರೆತರೆ ಪವಾಡ, ನೆನಪಿಟ್ಟರೆ ಸರಳ ಕೂಡು–ಕಳೆ. ಜೊತೆಗೆ ಟಿಕೆಟ್‌ನ ಸಮಯ ನಿಲ್ದಾಣದಲ್ಲಿ ವಿಮಾನ ಜಾಗ ಬಿಟ್ಟು ಕದಲುವುದರಿಂದ ಹಿಡಿದು, ಇನ್ನೊಂದು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವವರೆಗಿನದು. ರನ್‌ವೇವರೆಗೆ ಉರುಳಿಕೊಂಡು ಹೋಗುವುದೂ ಅದರಲ್ಲಿ ಸೇರಿದೆ. ಬೆಂಗಳೂರು–ದೆಹಲಿ ಸೂತ್ರದ ಪ್ರಕಾರ ಎರಡೂವರೆ ಗಂಟೆ ಆದರೂ ಟಿಕೆಟ್‌ನಲ್ಲಿ ಎರಡೂಮುಕ್ಕಾಲು ಗಂಟೆ ಅಥವಾ ಹೆಚ್ಚು ಇರುವುದಕ್ಕೆ ಇದೂ ಒಂದು ಕಾರಣ.

ಚಪ್ಪಟೆ ಭೂಮಿಯ ಲೆಕ್ಕ ಇಲ್ಲಿ ನಿಲ್ಲುತ್ತದೆಯೇ?

ಚಪ್ಪಟೆ ಭೂಮಿ ಎನ್ನುವವರು ತೋರಿಸುವ ನಕ್ಷೆಯಲ್ಲಿ ಉತ್ತರ ಧ್ರುವ ಮಧ್ಯದಲ್ಲಿರುತ್ತದೆ, ಅಂಟಾರ್ಕ್ಟಿಕಾ ಸುತ್ತಲೂ ಗೋಡೆಯಂತೆ ಇರುತ್ತದೆ. ಆ ನಕ್ಷೆಯಲ್ಲಿ ದಕ್ಷಿಣಕ್ಕೆ ಹೋದಂತೆಲ್ಲ ಪೂರ್ವ–ಪಶ್ಚಿಮದ ದೂರಗಳು ಹಿಗ್ಗುತ್ತವೆ. ಅದು ನಿಜವೇ ಎಂದು ವೇಳಾಪಟ್ಟಿ ಇಟ್ಟುಕೊಂಡು ಪರೀಕ್ಷಿಸೋಣ.

ಆ ನಕ್ಷೆಯ ಪ್ರಕಾರ ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕೆ ಸುಮಾರು 8,870 ಕಿ.ಮೀ. ಆಗಬೇಕು. ವಾಪಸ್ ಬರುವ 4 ಗಂಟೆ 40 ನಿಮಿಷದಲ್ಲಿ ಅಷ್ಟು ದೂರ ಕ್ರಮಿಸಲು ವಿಮಾನ ಗಂಟೆಗೆ 1,900 ಕಿ.ಮೀ. ವೇಗದಲ್ಲಿ ಹಾರಬೇಕು. ಆ ಎತ್ತರದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಇಂದಿನ ಯಾವ ಪ್ರಯಾಣಿಕರ ವಿಮಾನವೂ ಶಬ್ದಕ್ಕಿಂತ ವೇಗವಾಗಿ ಹಾರುವುದಿಲ್ಲ.

ಇನ್ನೂ ದೊಡ್ಡ ಉದಾಹರಣೆ ಬೇಕೆಂದರೆ ಆಸ್ಟ್ರೇಲಿಯಾದ ಸಿಡ್ನಿಯಿಂದ ಸ್ಯಾಂಟಿಯಾಗೊಗೆ ಹೋಗುವ ವಿಮಾನ ನೋಡಿ. ಗೋಳದ ಮೇಲೆ ದೂರ ಸುಮಾರು 11,340 ಕಿ.ಮೀ., ಸಮಯ ಸುಮಾರು ಹನ್ನೆರಡೂವರೆ ಗಂಟೆ. ಅಂದರೆ ಗಂಟೆಗೆ 900 ಕಿ.ಮೀ., ಜೆಟ್ ವಿಮಾನದ ಮಾಮೂಲಿ ವೇಗ. ಚಪ್ಪಟೆ ನಕ್ಷೆಯಲ್ಲಿ ಅದೇ ದೂರ ಸುಮಾರು 25,700 ಕಿ.ಮೀ.; ವೇಗ ಗಂಟೆಗೆ 2,000 ಕಿ.ಮೀ. ದಾಟುತ್ತದೆ. ದುಂಡು ಭೂಮಿಯ ಲೆಕ್ಕ ಗಡಿಯಾರಕ್ಕೆ ಹೊಂದುತ್ತದೆ, ಚಪ್ಪಟೆ ಭೂಮಿಯದ್ದು ಹೊಂದುವುದಿಲ್ಲ.

ಸಿಡ್ನಿ–ಸ್ಯಾಂಟಿಯಾಗೊ ಎರಡೂ ಊರು 33–34 ಡಿಗ್ರಿ ದಕ್ಷಿಣದಲ್ಲಿವೆ. ಆದರೆ ಅವುಗಳ ನಡುವಿನ ಮಹಾವೃತ್ತದ ದಾರಿ 62 ಡಿಗ್ರಿ ದಕ್ಷಿಣದವರೆಗೆ, ಅಂಟಾರ್ಕ್ಟಿಕಾದ ಹತ್ತಿರಕ್ಕೆ ಇಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಇದು ಸುಮ್ಮನೆ ಸುತ್ತುವ ದಾರಿಯಂತೆ ಕಾಣುತ್ತದೆ. ಗ್ಲೋಬ್ ಮೇಲೆ ದಾರ ಎಳೆದು ನೋಡಿದರೆ ಅದೇ ನೇರ ದಾರಿ.

ನಡುವೆ ಏನಾದರೂ ಆದರೆ?

ಒಂಟಿ ನಿಲ್ದಾಣಗಳ ವಿಷಯದಲ್ಲಿ ದೂರ ಮತ್ತು ಸಮಯ ಬರೀ ಕುತೂಹಲದ ಅಂಕಿ ಅಲ್ಲ, ಅದು ಪ್ರಾಣದ ಪ್ರಶ್ನೆ. ಬೆಂಗಳೂರಿನಲ್ಲಿ ಮಂಜು ಕವಿದರೆ ವಿಮಾನವನ್ನು ಚೆನ್ನೈಗೋ ಹೈದರಾಬಾದಿಗೋ ತಿರುಗಿಸುತ್ತಾರೆ. ಈಸ್ಟರ್ ದ್ವೀಪದ ಹತ್ತಿರ ಬಂದ ವಿಮಾನಕ್ಕೆ ತಿರುಗಲು ಬೇರೆ ಊರಿಲ್ಲ.

ಅದಕ್ಕೆಂದೇ ನಿಯಮಗಳಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ, ಇಂಥ ಒಂಟಿ ನಿಲ್ದಾಣಕ್ಕೆ ಹೋಗುವ ಜೆಟ್ ವಿಮಾನ ಅಲ್ಲಿ ತಲುಪಿದ ಮೇಲೂ ಎರಡು ಗಂಟೆ ಹಾರುವಷ್ಟು ಇಂಧನ ಉಳಿಸಿಕೊಂಡಿರಬೇಕು. ಮೋಡ ಸರಿಯುವವರೆಗೆ ಕಾಯಲು ಅದು ಬೇಕು.

ದಾರಿಯಲ್ಲಿ ಒಂದು ಜಾಗವನ್ನು 'ಹಿಂತಿರುಗಲಾಗದ ಬಿಂದು' ಎಂದು ಮೊದಲೇ ಗುರುತಿಸುತ್ತಾರೆ. ಅದನ್ನು ದಾಟಿದ ಮೇಲೆ ಸ್ಯಾಂಟಿಯಾಗೊಗೆ ಮರಳಲು ಇಂಧನ ಸಾಲದು, ಮುಂದೆ ಹೋಗಲೇಬೇಕು. ಹಾಗಾಗಿ ಅದನ್ನು ಮುಟ್ಟುವ ಮುನ್ನ ಪೈಲಟ್ ದ್ವೀಪದ ಹವಾಮಾನ, ರನ್‌ವೇ ಸ್ಥಿತಿ ಕೇಳಿ ತಿಳಿದುಕೊಳ್ಳುತ್ತಾರೆ. ದ್ವೀಪದಲ್ಲಿ ಇರುವುದು ಒಂದೇ ರನ್‌ವೇ. ಮುಂದಿನ ವಿಮಾನ ಅಲ್ಲಿ ಇಳಿದು ಕೆಟ್ಟು ನಿಂತರೆ ಹಿಂದಿನದಕ್ಕೆ ಜಾಗವಿಲ್ಲ. ಆದ್ದರಿಂದ ಮೊದಲ ವಿಮಾನ ಇಳಿಯುವವರೆಗೆ ಎರಡನೆಯದನ್ನು ಆ ಬಿಂದು ದಾಟಲು ಬಿಡುವುದಿಲ್ಲ.

ಒಂದು ಎಂಜಿನ್ ಕೆಟ್ಟರೆ? ಎರಡು ಎಂಜಿನ್‌ನ ವಿಮಾನ ಒಂದೇ ಎಂಜಿನ್‌ನಲ್ಲಿ ಎಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟಬೇಕು ಎಂಬುದಕ್ಕೆ ಪ್ರತ್ಯೇಕ ಪರವಾನಗಿ ಇರುತ್ತದೆ. 1985ರಲ್ಲಿ 120 ನಿಮಿಷಕ್ಕೆ ಅನುಮತಿ ಸಿಕ್ಕಿದ್ದೇ ದೊಡ್ಡ ಸುದ್ದಿಯಾಗಿತ್ತು. ಎಂಜಿನ್‌ಗಳು ಹೆಚ್ಚು ನಂಬಿಕಸ್ಥವಾದಂತೆ ಈ ಮಿತಿ ಬೆಳೆಯಿತು. ಬೋಯಿಂಗ್ 787ಕ್ಕೆ 2014ರಲ್ಲಿ ಅಮೆರಿಕ 330 ನಿಮಿಷದವರೆಗೆ ಒಪ್ಪಿಗೆ ಕೊಟ್ಟಿತು. ಸ್ಯಾಂಟಿಯಾಗೊ–ಈಸ್ಟರ್ ದಾರಿಯ ನಟ್ಟನಡುವೆ ಎರಡೂ ಕಡೆಗೆ ಸುಮಾರು 1,875 ಕಿ.ಮೀ.; ಒಂದೇ ಎಂಜಿನ್‌ನಲ್ಲಿ ಎರಡೂವರೆ ಗಂಟೆಯಷ್ಟು ದೂರ. ಎದುರುಗಾಳಿ ಇರುವುದರಿಂದ ಸಮಯದ ಲೆಕ್ಕದಲ್ಲಿ 'ಮಧ್ಯ' ಎನ್ನುವ ಬಿಂದು ದ್ವೀಪದ ಕಡೆಗೆ ಸರಿಯುತ್ತದೆ: ಹಿಂದಕ್ಕೆ ಬೆನ್ನುಗಾಳಿ ಇರುವಾಗ ಹಿಂತಿರುಗುವುದೇ ಬೇಗ.

ಈಸ್ಟರ್ ದ್ವೀಪಕ್ಕೆ ಚಿಲಿಯಿಂದ ಮೊದಲ ವಿಮಾನ ಬಂದದ್ದು 1951ರ ಜನವರಿಯಲ್ಲಿ. ಆ ಕ್ಯಾಟಲೀನಾ ವಿಮಾನ ಸುಮಾರು 19 ಗಂಟೆ ಹಾರಿತ್ತು. ನಿಯಮಿತ ಪ್ರಯಾಣಿಕರ ವಿಮಾನ ಶುರುವಾದದ್ದು 1967ರಲ್ಲಿ. ಇಷ್ಟು ಸಣ್ಣ ಊರಿನಲ್ಲಿ 3,300 ಮೀಟರ್‌ಗೂ ಉದ್ದದ ರನ್‌ವೇ ಇರುವುದಕ್ಕೂ ಒಂದು ಕಾರಣವಿದೆ: 1980ರ ದಶಕದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಗಳು ತುರ್ತಾಗಿ ಇಳಿಯಬೇಕಾದರೆ ಇರಲಿ ಎಂದು ಅದನ್ನು ಉದ್ದ ಮಾಡಿದರು. ನೌಕೆ ಒಮ್ಮೆಯೂ ಇಳಿಯಲಿಲ್ಲ. ಆದರೆ ದೊಡ್ಡ ಪ್ರಯಾಣಿಕರ ವಿಮಾನಗಳಿಗೆ ಅನುಕೂಲವಾಯಿತು.

ದ್ವೀಪದ ಜನಕ್ಕೆ ಈ ಐದೂವರೆ ಗಂಟೆ ಎಂದರೆ ಏನು ಎಂಬುದು ಕೋವಿಡ್ ಕಾಲದಲ್ಲಿ ಗೊತ್ತಾಯಿತು. 2020ರ ಮಾರ್ಚ್‌ನಲ್ಲಿ ಪ್ರವಾಸಿಗರಿಗೆ ಮುಚ್ಚಿದ ದ್ವೀಪ ಮತ್ತೆ ತೆರೆದದ್ದು 2022ರ ಆಗಸ್ಟ್‌ನಲ್ಲಿ. ಅಲ್ಲಿ ಆಸ್ಪತ್ರೆ ಇದೆ. ಆದರೆ ದೊಡ್ಡ ಚಿಕಿತ್ಸೆ ಬೇಕಾದವರು 3,750 ಕಿ.ಮೀ. ಹಾರಿಯೇ ಹೋಗಬೇಕು. ಅಂಥವರಿಗೆ ಬೇಕಾಗುವುದು ಮ್ಯಾಪ್ ತೋರಿಸುವ ಗಂಟೆಯಲ್ಲ, ಮುಂದಿನ ವಿಮಾನ ಯಾವ ದಿನ ಎಂಬ ಉತ್ತರ.

ಫಾರ್ವರ್ಡ್ ಮಾಡುವ ಮುನ್ನ ಐದು ಪರೀಕ್ಷೆ

ವಿಮಾನದ ದೂರ, ಸಮಯದ ಬಗ್ಗೆ ಏನಾದರೂ ಬಂದರೆ ನೀವೇ ಹೀಗೆ ಪರೀಕ್ಷಿಸಬಹುದು.

1. ಆ ದಾರಿಯಲ್ಲಿ ನಿಜಕ್ಕೂ ವಿಮಾನ ಇದೆಯೇ ನೋಡಿ. ದೂರದ ಸೈಟ್ ಬೇಡ, ವಿಮಾನ ಸಂಸ್ಥೆಯ ವೇಳಾಪಟ್ಟಿ ನೋಡಿ.
2. ಹೋಗುವ ಸಮಯ, ಬರುವ ಸಮಯ ಎರಡನ್ನೂ ನೋಡಿ. ಒಂದೇ ಕಡೆಯದನ್ನು ಹಿಡಿದು ತೀರ್ಮಾನಕ್ಕೆ ಬರಬೇಡಿ.
3. ಎರಡೂ ಸಮಯವನ್ನು ಒಂದೇ ಊರಿನ ಗಡಿಯಾರಕ್ಕೆ ಬದಲಿಸಿ, ಆಮೇಲೆ ಕಳೆಯಿರಿ.
4. ದೂರವನ್ನು ಸಮಯದಿಂದ ಭಾಗಿಸಿ. ದೂರದ ಜೆಟ್ ಪ್ರಯಾಣಕ್ಕೆ ಗಂಟೆಗೆ 650ರಿಂದ 1,000 ಕಿ.ಮೀ. ಒಳಗೆ ಬಂದರೆ ಸರಿ. 1,900 ಬಂದರೆ ಫಾರ್ವರ್ಡ್‌ನಲ್ಲೇ ಏನೋ ತಪ್ಪಿದೆ.
5. ಚಪ್ಪಟೆ ನಕ್ಷೆಯ ಮೇಲೆ ಗೆರೆ ಎಳೆದು "ಸುತ್ತಿ ಹೋಗುತ್ತಿದೆ" ಎನ್ನುವ ಮುನ್ನ ಗ್ಲೋಬ್ ಮೇಲೆ ದಾರ ಎಳೆದು ನೋಡಿ.

ಹೊರದೇಶದಿಂದ ಮನೆಯವರು ಬರುವಾಗ, ಅಥವಾ ಯಾರಿಗಾದರೂ ಚಿಕಿತ್ಸೆಗೆಂದು ದೂರದ ಊರಿಗೆ ಟಿಕೆಟ್ ಮಾಡುವಾಗ ಈ ಐದು ವಿಷಯ ನೆನಪಿರಲಿ. ಮುಂದಿನ ವಿಮಾನ ಹಿಡಿಯಲು ಎಷ್ಟು ಸಮಯ ಬಿಡಬೇಕು ಎಂಬುದನ್ನು ದೂರದ ಸೈಟ್ ಕೊಟ್ಟ ಅಂದಾಜಿನ ಮೇಲೆ ನಿರ್ಧರಿಸಬೇಡಿ. ಟಿಕೆಟ್‌ನಲ್ಲಿರುವ ಸಮಯವನ್ನೇ, ಆಯಾ ಊರಿನ ಗಡಿಯಾರದ ಪ್ರಕಾರ ನೋಡಿ ನಿರ್ಧರಿಸಿ.